ಹದಿನೇಳನೇ ಕಂಬ

ಉಂಡ ಮನೆಗೆ ಎರಡು ಬಗೆಯೋನಲ್ಲ ಸರ್ ನಾನು. ನಿರೂಪಣೆ ಮಾಡ್ತಿರೋ ನೀವು, ವೇದಿಕೆ ಮೆಟ್ಟಿಲು ಹತ್ತುವಾಗ ಕಿವಿಯಲ್ಲಿ ಹಾಗೆ ಎಚ್ಚರಿಸಿದಿರಲ್ಲ, ಅದಕ್ಕೆ ಮೈಕಲ್ಲೇ ಉತ್ತರ ಕೊಡ್ತಿದೀನಿ. ಎರಡು ಮಾತು ಹೇಳಿ ಇಳಿ ಅಂದಿರಿ. ಎರಡಕ್ಕೆ ಮುಗಿಯಲ್ಲ. ಕೂತ್ಕೊಳ್ಳಿ.

ಆದ್ರೂ ಕ್ರಮ ತಪ್ಪಬಾರದು. ಅಧ್ಯಕ್ಷತೆ ವಹಿಸಿರೋ, ನಮ್ಮ ಲ್ಯಾಬಿನ ಮುಖ್ಯಸ್ಥರೂ ಆದ ಸಾಹೇಬರೇ, ದೂರದಿಂದ ಬಂದಿರೋ ಅತಿಥಿಗಳೇ, ಕೆಳಗಡೆ ವರ್ಕ್‌ಶಾಪಿನ ನನ್ನ ಜೊತೆಗಾರರೇ, ಊಟ ಯಾವಾಗ ಅಂತ ಗಡಿಯಾರ ನೋಡ್ತಿರೋ ಸಭಿಕರೇ, ಎಲ್ಲರಿಗೂ ವಂದನೆ.

ವಾರ್ಷಿಕೋತ್ಸವದ ದಿನ ನಮ್ಮಕ್ಕನ ಹೆಸರಲ್ಲಿ ಫಲಕ ಮಾಡಿಸಿದೀರಿ. 'ಶ್ರದ್ಧೆಯ ಕೆಲಸಗಾರ್ತಿ' ಅಂತ ಬರೆಸಿದೀರಿ. ಅವಳು ತೀರ್ಕೊಂಡು ಐದು ತಿಂಗಳಾಯ್ತು, ಅದಕ್ಕೆ ತಮ್ಮನ ಕೈಗೆ ಕೊಟ್ಟಿರಿ. ನಾನು ಒಂಬತ್ತನೇ ಕ್ಲಾಸಲ್ಲಿ ಶಾಲೆ ಬಿಟ್ಟೋನು, ಲೇತ್ ಓಡಿಸೋನು. ಭಾಷಣ ನನ್ನ ಕಸುಬಲ್ಲ. ಆದ್ರೆ ಒಂದು ಕೇಳ್ತೀನಿ. ಅವಳ ಕೆಲಸ ಏನಿತ್ತು ಅಂತ ಈ ಹಾಲಲ್ಲಿ ಎಷ್ಟು ಜನಕ್ಕೆ ಗೊತ್ತು?

ಒಂದು ತಲೆಕೂದಲು ತಗೊಳ್ಳಿ. ಅದರ ದಪ್ಪದಲ್ಲಿ ಹತ್ತರಲ್ಲೊಂದು ಪಾಲು. ಅಷ್ಟು ಸಣ್ಣ ಲೋಹದ ಕಂಬ ಕೆತ್ತೋದು, ಅದನ್ನ ಕಾಯಿಸೋದು, ವಜ್ರದ ಮೊನೆಯಿಂದ ಒತ್ತೋದು, ಎಷ್ಟು ಭಾರಕ್ಕೆ ಬಗ್ತು ಅಂತ ಬರ್ಕೊಳ್ಳೋದು. ಹನ್ನೊಂದು ವರ್ಷ ಇದನ್ನೇ ಮಾಡಿದಳು. ಆ ಸಂಬಳದಲ್ಲೇ ನನ್ನ ಸಾಕಿದಳು. ಅಪ್ಪ ಅಮ್ಮನ ಮುಖ ನನಗೆ ಫೋಟೋದಲ್ಲಿ ಮಾತ್ರ ಗೊತ್ತು.

ಸಣ್ಣದಾದಷ್ಟೂ ಗಟ್ಟಿ ಕಣೋ ಅಂದಳು ಒಂದು ದಿನ. ನಾನು ನಕ್ಕೆ. "ಹೋಗೇ, ಸರಳು ಗಟ್ಟಿನೋ ಸೂಜಿ ಗಟ್ಟಿನೋ?"

"ಗಾತ್ರಕ್ಕೆ ತಕ್ಕ ಹಾಗೆ ಲೆಕ್ಕ ಹಾಕೋ, ಪೆದ್ದ. ದೊಡ್ಡ ತುಂಡಿನ ಒಳಗೆ ನೂರೆಂಟು ಐಬು. ಒತ್ತಿದ್ರೆ ಅಲ್ಲೇ ಜಾರುತ್ತೆ. ಇಷ್ಟು ಸಣ್ಣದರಲ್ಲಿ ಐಬಿಗೆ ಜಾಗ ಎಲ್ಲಿದೆ?"

"ಹಾಗಾದ್ರೆ ನೀನೂ ಗಟ್ಟಿ" ಅಂದೆ. ಅವಳು ನನ್ನ ಭುಜದವರೆಗೂ ಬರ್ತಿರಲಿಲ್ಲ.

"ಕಾಯಿಸೋವರೆಗೂ" ಅಂದಳು.

ಕಾದರೆ ಸಣ್ಣದೂ ಮೆತ್ತಗಾಗುತ್ತೆ. ಎಷ್ಟು ಮೆತ್ತಗೆ ಅಂತ ಕಂಡುಹಿಡಿಯೋಕೇ ಅಲ್ವಾ ನಮ್ಮ ಲ್ಯಾಬ್ ಇರೋದು? ಅದಕ್ಕೊಂದು ಪದ್ಧತಿ ಇದೆ. ಕಂಬ ಕಾಯಿಸಿದ್ರೆ ಸಾಲದು, ಒತ್ತೋ ಮೊನೆಯನ್ನೂ ಅಷ್ಟೇ ಕಾಯಿಸಬೇಕು. ಕಾದ ಬಾಣಲೆಯಲ್ಲಿ ಒಂದು ಸಾಸಿವೆ ಕಾಳಿದೆ ಅಂದ್ಕೊಳ್ಳಿ. ತಣ್ಣನೆ ಚಮಚದಿಂದ ಒತ್ತಿದ್ರೆ ಬಾಣಲೆಗೇನೂ ಆಗಲ್ಲ, ಕಾಳು ತಣ್ಣಗಾಗುತ್ತೆ. ಮೀಟರ್ ನೋಡಿದ್ರೆ ಮುನ್ನೂರು ಡಿಗ್ರಿ ಅನ್ನುತ್ತೆ. ಮೀಟರ್ ಬಾಣಲೆಗೆ ತಾನೇ ಕಟ್ಟಿರೋದು. ಅದಕ್ಕೇ ಅಕ್ಕ ಎರಡೂ ಕಾಯಿಸಿ ಎರಡು ಗಂಟೆ ಕಾಯ್ತಿದ್ದಳು. ಕೈ ಎರಡೂ ಮಡಿಲಲ್ಲಿ. ಬಾಗಿಲು ದಡ್ ಅಂದ್ರೆ ಕಂಬ ಹೋಯ್ತು. ಮೇಲಿನ ಆ ಕೋಣೆಯ ಚಿಲಕಕ್ಕೆ ಬಟ್ಟೆ ಸುತ್ತಿರೋದು ನೀವೆಲ್ಲ ನೋಡಿರ್ತೀರಿ. ಅದು ನನ್ನ ಹಳೇ ಶರ್ಟು.

ಎರಡು ವರ್ಷದ ಹಿಂದೆ ಹೊರಗಿನೋರು ಬರೋರಿದ್ರು, ಫಲಿತಾಂಶ ಬೇಕಿತ್ತು. ಸಾಹೇಬರು ಅಂದ್ರು, "ಮೊನೆ ಕಾಯಿಸ್ತಾ ಕೂತ್ರೆ ಮುಂದಿನ ಜನ್ಮಕ್ಕೆ ಮುಗಿಯುತ್ತೆ. ಹಾಗೇ ಒತ್ತಮ್ಮ." ಅಕ್ಕ ಬೇಡ ಅಂದಳು. ಇನ್ನೊಂದು ಸಲ ಬೇಡ ಅಂದಳು. ಆಮೇಲೆ ಒತ್ತಿದಳು. ಮೊದಲೇ ಕೆತ್ತಿಟ್ಟಿದ್ದ ನಲವತ್ತೊಂದು ಕಂಬ. ಒಂದು ಮುರೀತು, ಮಿಕ್ಕಿದ್ದೆಲ್ಲ ಬಿಸಿಯಲ್ಲೂ ಕಬ್ಬಿಣದ ಕಡಲೆ ಹಾಗೆ ನಿಂತ್ವು. ಇದೇ ಹಾಲಲ್ಲಿ ಚಪ್ಪಾಳೆ ಹೊಡೆದಿರಿ. ನಾನೂ ಹೊಡೆದೆ, ಆ ಕೊನೇ ಸಾಲಲ್ಲಿ ನಿಂತು.

ಬೇರೆ ಲ್ಯಾಬಿನೋರು ಮೊನೆ ಕಾಯಿಸಿ ಒತ್ತಿ ನೋಡಿದ್ರು. ಅರ್ಧ ಶಕ್ತಿನೂ ಬರಲಿಲ್ಲ. ಕಾರಣ ಕೇಳಿ ಕಾಗದ ಬರೆದ್ರು. ಸಾಹೇಬರು ಏನು ಉತ್ತರ ಕೊಟ್ಟರು? 'ಯಂತ್ರ ನಡೆಸುವವರ ಅಜಾಗರೂಕತೆ.' ಸಾಕ್ಷಿಗೆ ಅಕ್ಕ ಲೆಕ್ಕ ಬರೆದಿಡ್ತಿದ್ದ ಪುಸ್ತಕದ ಒಂದು ಹಾಳೆಯ ನಕಲು ಲಗತ್ತಿಸಿದ್ರು. 'ಹದಿನೇಳನೇ ಕಂಬ ಮುರಿಯಿತು. ನನ್ನ ಕೈ ತಪ್ಪು.' ಅವಳದೇ ಅಕ್ಷರ. ಮಾರನೇ ದಿನದಿಂದ ಅವಳನ್ನ ಸ್ಟೋರಿಗೆ ಹಾಕಿದ್ರು. ಕೂದಲಿಗಿಂತ ಸಣ್ಣದನ್ನ ಕೆತ್ತೋ ಕೈ ಕೈಗವಸು, ಸೋಪು ಹಂಚ್ತಿತ್ತು.

'ನನ್ನ ಕೈ ತಪ್ಪು' ಅನ್ನೋ ಆ ಸಾಲಿನ ವಿಷಯ ಹೇಳೋದು ಬೇಡ ಅಂತಲೇ ಬಂದಿದ್ದೆ. ಆದ್ರೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ರೆ ನನಗೂ ಸಾಹೇಬರಿಗೂ ಏನು ವ್ಯತ್ಯಾಸ?

ಹದಿನೇಳನೇ ಕಂಬದ ದಿನ ನಾನು ಮೇಲೆ ಹೋಗಿದ್ದೆ. ನನ್ನ ಕೇಳದೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಫಾರಂ ತುಂಬಿಟ್ಟಿದ್ದಳು. "ಒಂದು ಸಹಿ ಹಾಕೋ, ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದಳು, ಪಿಸುಮಾತಲ್ಲಿ. ಯಂತ್ರ ನಡೀತಿತ್ತು. ನಾನು ಪಿಸುಮಾತು ಆಡೋನಾ? "ಓದಿ ನೀನೇನು ಕಡಿದು ಕಟ್ಟೆ ಹಾಕಿದೆ? ಕೂದಲು ಸೀಳ್ತಾ ಕೂತಿದೀಯ" ಅಂದೆ. ಫಾರಂ ಹರಿದೆ. ಬಾಗಿಲನ್ನ ಎಷ್ಟು ಜೋರಾಗಿ ಹಾಕಿದೆ ಅಂದ್ರೆ ಗೋಡೆ ಸುಣ್ಣ ಉದುರ್ತು.

ಆ ಕಂಬ ಕೆತ್ತೋಕೆ ನಾಲ್ಕು ದಿನ ಹಿಡಿದಿತ್ತು. ರಾತ್ರಿ ಊಟಕ್ಕೆ ಬಡಿಸ್ತಾ, "ನಿನ್ನ ನೀಲಿ ಶರ್ಟು ಹರಿದಿದೆಯಲ್ಲ, ತಗೊಳ್ಲಾ?" ಅಂತ ಕೇಳಿದಳು, ಅಷ್ಟೇ.

ತಮ್ಮ ಬಾಗಿಲು ಬಡಿದ ಅಂತ ಬರೆದ್ರೆ ನನ್ನ ಕೆಲಸ ಹೋಗ್ತಿತ್ತು. ಅದಕ್ಕೆ ನನ್ನ ಕೈ ತಪ್ಪು ಅಂತ ಬರೆದಳು. ಅವಳನ್ನ ಸ್ಟೋರಿಗೆ ಹಾಕಿದಾಗ ನಾನು ಬಂದು ಹೇಳಬಹುದಿತ್ತು. "ನೀನು ಬಾಯಿ ಬಿಡಬೇಡ ಕಣೋ, ಇಬ್ಬರೂ ಬೀದಿಗೆ ಬೀಳೋದು ಬೇಡ" ಅಂದಳು. ಬಿಡಲಿಲ್ಲ. ಊರಿಗೆಲ್ಲ ಬಾಯಿ ಮಾಡೋ ನಾನು ಎಂಟು ತಿಂಗಳು ಗಪ್‌ಚಿಪ್. ಕೈಗವಸು ಬೇಕಾದಾಗ ಸ್ಟೋರಿಗೆ ಬೇರೆಯೋರನ್ನ ಕಳಿಸ್ತಿದ್ದೆ. ಆಮೇಲೆ ಅವಳಿಗೆ ಜ್ವರ ಬಂತು, ಬಿಡಲೇ ಇಲ್ಲ. ಲ್ಯಾಬಿನಿಂದಲೇ ಸತ್ತಳು ಅಂತ ನಾನು ಹೇಳಲ್ಲ. ಡಾಕ್ಟ್ರು ಬೇರೆ ಬರೆದಿದ್ದಾರೆ.

ಅವಳ ಸಾಮಾನು ಡಬ್ಬದಲ್ಲಿ ಹಾಕಿ ಮನೆಗೆ ಕಳಿಸಿದ್ರಲ್ಲ, ಈ ಪುಸ್ತಕ ಅದರಲ್ಲಿತ್ತು. ನೀವು ಲಗತ್ತಿಸಿದ ಹಾಳೆಯ ಹಿಂದಿನ ಹಾಳೆ ಓದ್ತೀನಿ ಸಾಹೇಬರೇ. 'ಮೊನೆ ಕಾಯಿಸಿಲ್ಲ. ಬೇಡವೆಂದು ಎರಡು ಸಲ ಹೇಳಿದೆ. ಈ ಅಂಕಿಗಳನ್ನು ನಂಬಬಾರದು.'

ಒಂದು ಕಂಬ ನನ್ನದು. ಒಪ್ಕೊಂಡೆ, ಎಲ್ಲರ ಎದುರಿಗೇ. ನಾಳೆ ಲೇತಿನ ಹತ್ರ ಬೇರೆಯೋನನ್ನ ನಿಲ್ಲಿಸಿ. ಉಳಿದ ನಲವತ್ತು ಯಾರದು? ತಲೆ ಎತ್ತಿ ಹೇಳಿ ಸಾಹೇಬರೇ. ಅವಳದೊಂದೂ ಅಲ್ಲ. ಆ ಲ್ಯಾಬಿಗೆ ಇನ್ನೊಂದು ಕಾಗದ ಬರೀರಿ. ಈ ಎರಡೂ ಹಾಳೆ ಲಗತ್ತಿಸಿ. ಬರೆದ ದಿನ ಫಲಕ ತಗೊಳ್ಳೋಕೆ ಬರ್ತೀನಿ. ಅಲ್ಲೀವರೆಗೂ ನಿಮ್ಮ ಮುಂದೆ ಮೇಜಿನ ಮೇಲೇ ಇರಲಿ.

ಇಷ್ಟು ಹೊತ್ತು ಕೇಳಿದ ಅತಿಥಿಗಳಿಗೆ, ಮೈಕ್ ಆರಿಸದ ಹುಡುಗನಿಗೆ, ಊಟ ತಡವಾದ್ರೂ ಏಳದ ಸಭಿಕರಿಗೆ ವಂದನೆ. ಬರುವಾಗ ಮೇಲಿನ ಕೋಣೆಗೆ ಹೋಗಿ ನೋಡಿದೆ. ಯಂತ್ರ ನಿಂತಿದೆ, ಮೊನೆಯ ಕೆಳಗೆ ಯಾರ ಕಂಬವೂ ಇಲ್ಲ. ಅದಕ್ಕೆ ಈ ಹಾಲಿನ ಬಾಗಿಲನ್ನ ಜೋರಾಗಿ ಹಾಕ್ಕೊಂಡು ಹೋಗ್ತೀನಿ. ನಮಸ್ಕಾರ.