ಎಲ್ಲಿ ಒತ್ತುತ್ತೆ, ಹೇಳಿ

ಈ ಶ್ರದ್ಧಾಂಜಲಿ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅವನ ಅಮ್ಮ, ಅಣ್ಣ, ಅತ್ತಿಗೆ — ನಿಮಗೆ ಏನು ಹೇಳಲಿ? ಸಮಾಧಾನ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಹದಿನಾರು ವರ್ಷ ಅವನ ಪಕ್ಕದ ಮೇಜಿನಲ್ಲಿ ಕೃತಕ ಕಾಲು ಮಾಡಿದವಳು ನಾನು. ನಾನು ಪ್ಲಾಸ್ಟರ್ ಕಲಸಿ ಅಚ್ಚು ತೆಗೆಯುತ್ತಿದ್ದೆ, ಅವನು ಅರ ಹಿಡಿದು ಉಜ್ಜುತ್ತಿದ್ದ.

ನಮ್ಮ ವರ್ಕ್‌ಶಾಪಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವನು ‘ಅರ್ಧ ಮಿಲ್ಲಿ’. ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ, “ಅಕ್ಕ, ಇನ್ನು ಅರ್ಧ ಮಿಲ್ಲಿಮೀಟರ್ ಉಜ್ಜಿಬಿಡ್ತೀನಿ” ಅನ್ನುತ್ತಿದ್ದ. ನಾನು ಬೀಗದ ಕೈ ಹಿಡಿದು ನಿಂತು ಬೈಯುತ್ತಿದ್ದೆ. ಕಿವಿಗೆ ಹಾಕಿಕೊಂಡರೆ ತಾನೇ!

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಜೊತೆಗೆ ಒಂದು ಷರತ್ತು ಹಾಕಿದ್ದಾರೆ. ಅದನ್ನು ಆಮೇಲೆ ಹೇಳುತ್ತೇನೆ.

ಕಾಲು ತೊಡಿಸಿದ ಮೇಲೆ ಅವನು “ಚೆನ್ನಾಗಿದೆಯಾ?” ಅಂತ ಯಾರನ್ನೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಇಷ್ಟು ಕಷ್ಟಪಟ್ಟು ಮಾಡಿದ್ದಾರೆ, ಇನ್ನು ಕೊಂಕು ತೆಗೆಯುವುದು ಹೇಗೆ ಅಂತ ಸಂಕೋಚ. ಎಂಟು ದಿನ ಕಳೆದು ಗಾಯ ಮಾಡಿಕೊಂಡು ಬರುತ್ತಾರೆ. ಅದಕ್ಕೇ ಅವನದು ಒಂದೇ ಪ್ರಶ್ನೆ — “ಎಲ್ಲಿ ಒತ್ತುತ್ತೆ, ಹೇಳಿ.” ಗಾಯ ಕಂಡರಂತೂ ಅವನ ಸಿಟ್ಟು ನೋಡಬೇಕಿತ್ತು. “ಇದು ನಾನು ಮಾಡಿದ ಗಾಯ ಅಲ್ಲ, ನೀವು ಸುಮ್ನಿದ್ದಿದ್ದಕ್ಕೆ ಆಗಿದ್ದು!”

ಇನ್ನೊಂದು ಪದ್ಧತಿಯನ್ನೂ ಅವನೇ ತಂದ. ಹೊಸ ಕಾಲಿನ ಮೇಲೆ ಯಾರಾದರೂ ಮೊದಲ ಸಲ ನಿಲ್ಲುವಾಗ, ಕೋಣೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ಏಳಬೇಕು. ಮಾತಾಡಬಾರದು. ಕೈ ಕೊಡಬಾರದು. ಅವರು ಕೂರುವವರೆಗೆ ನಾವೂ ಕೂರಬಾರದು. ಕೈಯಲ್ಲಿ ಪ್ಲಾಸ್ಟರ್ ಗಟ್ಟಿಯಾಗುತ್ತಿದ್ದರೂ ನಿಂತಿದ್ದೇನೆ ನಾನು — ಹೀಗೆ, ಎರಡೂ ಕೈ ಎತ್ತಿಕೊಂಡು.

ಸಮುದ್ರದಾಚೆ ಭೂಕಂಪವಾದಾಗ ಮೂರು ತಿಂಗಳು ಸೇವೆಗೆಂದು ಹೊರಟ. “ಭಾಷೆ ಬರಲ್ವಲ್ಲೋ” ಅಂದೆ. “ನೋವಾದ್ರೆ ಮುಖ ಹೇಳುತ್ತೆ, ಬಿಡಕ್ಕ” ಅಂದ.

ಮುಖ ಹೇಳಲಿಲ್ಲ. ಅಲ್ಲಿ ಒಬ್ಬರು ಶಾಲೆಯ ಟೀಚರ್. ಗೋಡೆ ಬಿದ್ದು ಎಡಗಾಲು ಮಂಡಿಯ ಕೆಳಗೆ ಹೋಗಿತ್ತು. ಮೂರು ಸಲ ನಗುತ್ತ ತಲೆಯಾಡಿಸಿ ಹೋದರು, ಮೂರು ಸಲ ಗಾಯ ಮಾಡಿಕೊಂಡು ಬಂದರು. ನಾಲ್ಕನೆಯ ಸಲ ಇವನು ತಲೆ ಚಚ್ಚಿಕೊಂಡು ಅವರಿಗೆ ನಮ್ಮ ಭಾಷೆಯ ಒಂದು ಪದ ಕಲಿಸಿದ — ಒತ್ತುತ್ತೆ. ಅವರು ಬೆರಳಿಟ್ಟು ತೋರಿಸಿದರಂತೆ. ಇಲ್ಲಿ ಒತ್ತುತ್ತೆ. ಇಲ್ಲೂ ಒತ್ತುತ್ತೆ. “ಕಲಿಸಿದ್ದೇ ತಪ್ಪಾಯ್ತು ಅಕ್ಕ, ಈಗ ಬಾಯೇ ಮುಚ್ಚಲ್ಲ” ಅಂತ ಫೋನಿನಲ್ಲಿ ನಕ್ಕ. ಆ ನಗು ಕೇಳಿದಾಗಲೇ ನನಗೆ ಗೊತ್ತಾಯಿತು. ಮೂರು ತಿಂಗಳು ಹೋಗಿ ಒಂದೂವರೆ ವರ್ಷವಾಯಿತು.

ಅಣ್ಣನವರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಷರತ್ತು ಇದೇ — ಆ ಟೀಚರ್ ವಿಷಯ ಎತ್ತಬಾರದು. ನಾನು ಒಪ್ಪಿಕೊಂಡಿದ್ದೆ. ಮಾತು ಕೊಟ್ಟಿದ್ದೆ.

ಅಮ್ಮ, ನಿಮ್ಮ ಮಗ ಅವರನ್ನು ಮದುವೆಯಾದ. ನಾಲ್ಕು ತಿಂಗಳ ಹಿಂದೆ, ಅಲ್ಲಿನ ನೋಂದಣಿ ಕಚೇರಿಯಲ್ಲಿ.

— ಕೂತ್ಕೊಳ್ಳಿ ಅಣ್ಣ. ಮೈಕ್ ಆರಿಸಿದರೂ ನನ್ನ ಗಂಟಲು ಈ ಹಾಲ್‌ಗೆ ಸಾಕು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮ ಒಂದು ಪೆಟ್ಟು ತಿಂದಿದ್ದಾರೆ, ಇನ್ನೊಂದು ಬೇಡ ಅಂದಿರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆನೇನೋ. ಇಷ್ಟು ಜನರ ಮುಂದೆ ಆಡುವ ಮಾತಲ್ಲ ಅನ್ನುವುದೂ ಗೊತ್ತು. ಆದರೆ ಮೊದಲ ತಪ್ಪು ನನ್ನದು. ಅವನು ಈ ಕೆಲಸ ಒಪ್ಪಿಸಿದ್ದು ನನಗೆ. “ಅಕ್ಕ, ಇದು ಫೋನಲ್ಲಿ ಹೇಳೋ ಮಾತಲ್ಲ. ನೀನೇ ಹೋಗಿ ಅಮ್ಮನ ಪಕ್ಕ ಕೂತು ಹೇಳು” ಅಂದಿದ್ದ. ಎರಡು ಸಲ ನಿಮ್ಮ ಮನೆಗೆ ಬಂದೆ, ಅಮ್ಮ. ಮಂಡಿನೋವಿನ ವಿಷಯ ಮಾತಾಡಿ ಎದ್ದು ಹೋದೆ. ಮುಂದಿನ ವಾರ, ಮುಂದಿನ ವಾರ ಅಂತ ದೂಡಿದೆ. ಅಷ್ಟರಲ್ಲಿ ಅವನು ಗುಡ್ಡದ ಮೇಲಿನ ಊರಿಗೆ ಯಾರದೋ ಕಾಲನ್ನು ಅರ್ಧ ಮಿಲ್ಲಿ ಉಜ್ಜಲು ಹೊರಟ, ಜೀಪು ಉರುಳಿತು. ಅವನು ಹೋಗಿ ನಾಳೆಗೆ ಮೂರು ವಾರ. ಅಮ್ಮನಿಗೆ ಹೇಳಿದೆಯಾ ಅಂತ ಅವನು ಕೊನೆಯ ಸಲ ಕೇಳಿದಾಗಲೂ ನಾನು “ಹೇಳ್ತೀನಿ ಇರೋ” ಅಂದಿದ್ದೆ. ಈ ನಾಚಿಕೆ ನನ್ನನ್ನು ಬಿಡುವುದಿಲ್ಲ.

ಇವತ್ತು ಬೆಳಗ್ಗೆ ಬಾಗಿಲಲ್ಲಿ ಅಣ್ಣ ಒಬ್ಬರನ್ನು ನಿಮಗೆ ‘ಅಲ್ಲಿನ ಆಫೀಸಿನವರು’ ಅಂತ ಪರಿಚಯ ಮಾಡಿಸಿದರು, ನೆನಪಿದೆಯಾ? “ಅಷ್ಟು ದೂರದಿಂದ ಬಂದಿದೀರ, ನೀರು ಕುಡೀರಿ” ಅಂತ ನೀವೇ ಲೋಟ ಕೊಟ್ಟಿರಿ. ಅವರು ನೀರು ಕುಡಿದು ಸುಮ್ಮನೆ ಕೊನೆಯ ಸಾಲಿಗೆ ಹೋಗಿ ಕೂತರು. ನನಗೆ ತಡೆಯಲಾಗಲಿಲ್ಲ. ಹೋಗಿ ಮುಂದಿನ ಸಾಲಿನ ಕಡೆ ಕೈ ತೋರಿಸಿ, “ನೀವು ಕೂರೋ ಜಾಗ ಅದಲ್ವಾ?” ಅಂತ ಕೇಳಿದೆ. ಅವರು ನಕ್ಕು, ನಮ್ಮ ಭಾಷೆಯಲ್ಲೇ ಹೇಳಿದರು — “ಎಲ್ಲೂ ಒತ್ತಲ್ಲ.”

ಎಲ್ಲೂ ಒತ್ತಲ್ಲವಂತೆ!

ಸ್ನೇಹಿತರೇ, ಹದಿನಾರು ವರ್ಷ ಈ ಸುಳ್ಳನ್ನು ಕೇಳಿದವಳು ನಾನು. ಇದರ ಹಿಂದೆಯೇ ಗಾಯ ಬರುತ್ತದೆ. ನಾಳೆ ಬೆಳಗ್ಗೆ ಅವರ ವಿಮಾನ. ಈಗ ಬಾಯಿ ಮುಚ್ಚಿಕೊಂಡರೆ ಅವರು ಆಫೀಸಿನವರಾಗಿಯೇ ಹೊರಟುಹೋಗುತ್ತಾರೆ. ಅದಕ್ಕೇ ಕೊಟ್ಟ ಮಾತು ಮುರಿದೆ. ಅಣ್ಣ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಇನ್ನು ಮೌನ ಪ್ರಾರ್ಥನೆ —

ಅಮ್ಮ? ಯಾಕೆ ಎದ್ದಿರಿ? ನಿಧಾನ... ಏನು? ಇಲ್ಲ, ಅವರಿಗೆ ಮೈಕ್ ಕೊಡಬೇಡಿ, ನನಗೆ ಕೇಳಿಸಿತು.

ಅಮ್ಮ ಕೇಳುತ್ತಿದ್ದಾರೆ — “ಅವಳಿಗೆ ಎಷ್ಟು ಹೊತ್ತು ನಿಲ್ಲೋಕಾಗುತ್ತೆ?”

ಅದು ಅವನೇ ಮಾಡಿದ ಕಾಲು, ಅಮ್ಮ. ನೀವು ನಿಂತಷ್ಟು ಹೊತ್ತು ನಿಲ್ಲುತ್ತಾರೆ.

ದಾರಿ ಬಿಡಿ. ಆ ಕುರ್ಚಿ ಸರಿಸಿ. ಅಣ್ಣ, ತಡೆಯಬೇಡಿ, ಹೋಗಲಿ. ಕೊನೆಯ ಸಾಲಿನಲ್ಲಿ ಅವರೂ ಏಳುತ್ತಿದ್ದಾರೆ.

ಉಳಿದವರೆಲ್ಲ ದಯವಿಟ್ಟು ಎದ್ದು ನಿಲ್ಲಿ — ನಮ್ಮ ವರ್ಕ್‌ಶಾಪಿನ ಪದ್ಧತಿಯಂತೆ. ಮಾತಾಡಬೇಡಿ. ಕೈ ಕೊಡಬೇಡಿ. ಅವರಿಬ್ಬರೂ ಕೂರುವವರೆಗೆ ಯಾರೂ ಕೂರಬೇಡಿ.