ಎರಡು ಸಲ ಜಗ್ಗಿದ ಹಗ್ಗ

ಗುಂಡ್ಲುಪೇಟೆ ಆಲದಮರ ದಾಟುವಾಗ ಮಾರಯ್ಯ, ದೆವ್ವ ಬೆಂಕಿ ಕೇಳ್ತದೆ ಅಂತ, ಬೀಡಿ ಹಚ್ಚುತ್ತಿರಲಿಲ್ಲ. ಅವತ್ತೂ ಹಚ್ಚಲಿಲ್ಲ. ಹೊತ್ತು ಮೀರಿತ್ತು. ಹೆಗಲ ಮೇಲೆ ಹಗ್ಗ. ಹೆಂಡತಿ ಇಲ್ಲದ ಮನೆಗೆ ಯಾರು ಬಿರಬಿರನೆ ನಡೀತಾರೆ... ಮಾರಯ್ಯ ನಮ್ಮ ಪಕ್ಕದ ಮನೆಯವ, ಗಾರೆ ಕೆಲಸದವ. ಐವತ್ತಾರನೇ ಇಸವಿ ಮಾತು.

ಮರದ ಬುಡದಲ್ಲಿ ಲಾಟೀನು ಹಿಡಿದು ಬಷೀರ್ ಸಾಬರು ನಿಂತಿದ್ದರು. ಬಳೆ ಅಂಗಡಿಯವರು.

"ಮಾರಯ್ಯನೇನ್ಲಾ? ಮಾತಾಡ್ಲಾ. ದೆವ್ವ ಅಂದ್ಕಂಡೆ."

"ದೆವ್ವ ಹಗ್ಗ ಹೊತ್ಕಂಡು ತಿರುಗ್ತದಾ ಸಾಬ್ರೆ?"

"ನಾಳೆ ನಮ್ಮ ಮಗ್ಳು ತಾಹಿರಾ ನಿಕಾ ಕಣಪ್ಪ. ಪಾಯಿಖಾನೆ ಗುಂಡಿ ಬಿರುಕು ಬುಟ್ಟದೆ. ಬಾವಿ ನೀರು ನಾರ್ತದೆ. ಗುಂಡಿ ಬರಿದು ಮಾಡ್ಸಿವ್ನಿ. ಬಿರುಕೊಂದು ಮುಚ್ಕೊಡು."

"ಆ ಕೆಲ್ಸ ಬುಟ್ಬುಟ್ಟೆ."

ಸಾಬರಿಗೂ ಗೊತ್ತು. ಗುಂಡಿಗಳ ಬಾಯಿ ಕಿರಿದು, ಮಾರಯ್ಯನ ಭುಜ ತೂರದು. ಒಳಗಿಳಿಯುತ್ತಿದ್ದವಳು ಅವನ ಹೆಂಡತಿ ಸಣ್ಣತಾಯಮ್ಮ. ನಡುವಿಗೆ ಹಗ್ಗ, ಕೈಯಲ್ಲಿ ಗಾರೆ ಮೆತ್ತುವ ಕರಣೆ. ಒಂದು ಸಲ ಜಗ್ಗಿದರೆ ಗಾರೆ ಇಳಿಸು. ಎರಡು ಸಲ ಜಗ್ಗಿದರೆ ನನ್ನ ಮೇಲಕ್ಕೆಳಿ.

ಗುಂಡಿ ಅವಳಿಗೆ ಏನೂ ಮಾಡಲಿಲ್ಲ. ಚಳಿಜ್ವರ ತಗೊಂಡು ಹೋಯಿತು. ಕೊನೇ ರಾತ್ರಿ ಮಾತು ನಿಂತಿತ್ತು. ಗಂಡನ ಪಂಚೆ ಚುಂಗು ಹಿಡಿದು ಎರಡು ಸಲ ಜಗ್ಗಿದಳು. ಎಲ್ಲಿಂದ ಎಲ್ಲಿಗೆ ಎಳೀತಾನೆ... ಕೂತೇ ಇದ್ದ.

"ನೋಡಿ ಹೇಳಿ ಹೋಗು, ಅಷ್ಟೆ," ಅಂದರು ಸಾಬರು.

ಇಲ್ಲ ಅನ್ನಲಾಗಲಿಲ್ಲ. ಸಾಬರ ಹಿತ್ತಲಿಗೆ ಹೋಗಿ ಇಬ್ಬರೂ ಗುಂಡಿಯ ಚಪ್ಪಡಿ ಜರುಗಿಸಿದರು. ಗರ್... ಅಂತು ಕಲ್ಲು. ಮಾರಯ್ಯ ಲಾಟೀನನ್ನು ಹಗ್ಗಕ್ಕೆ ಬಿಗಿದು ಇಳಿಬಿಟ್ಟ. ಅರ್ಧಕ್ಕೆ ಹೋಗಿ ದೀಪ ಪಕ್ಕನೆ ಆರಿತು.

"ಕೆಟ್ಟ ಗಾಳಿ ಅದೆ. ಮುಚ್ಚನ," ಅಂತ ಪಿಸುಗುಟ್ಟಿದ.

ಆಗ ಕೆಳಗೆ ಸದ್ದು. ಸರ್... ಸರ್... ಕರಣೆ ಗೋಡೆಗೆ ಉಜ್ಜುವ ಸದ್ದು. ಆಮೇಲೆ ಟಕ್. ಕರಣೆ ಕುಟ್ಟಿ ಗಾರೆ ಒದರಿದ ಹಾಗೆ.

ಹಗ್ಗ ಜಗ್ಗಿತು.

ಇನ್ನೊಂದು ಸಲ...

ಮಾರಯ್ಯ ಎಳೆದ. ಬರಲಿಲ್ಲ. ಅದು ಲಾಟೀನಿನ ತೂಕವಲ್ಲ. ಎಷ್ಟೋ ಸಲ ಗುಂಡಿಯಿಂದ ಎಳೆದ ತೂಕ, ಅವನ ಅಂಗೈಗೆ ಗೊತ್ತಿತ್ತು.

"ಸಾಬ್ರೆ... ಕೈ ಹಾಕಿ."

ಸಾಬರೂ ಹಿಡಿದರು. ಒಂದು ಮೊಳ ಬಂತು. ಇನ್ನೊಂದು ಮೊಳ. ಒಳಗೆ ಯಾರೋ ಏದುಸಿರು ಬಿಡುತ್ತಿದ್ದರು. ಹ್ಹ... ಹ್ಹ...

"ಬುಡ್ಲಾ ಮಾರಯ್ಯ! ನಿನ್ನ ಹೆಂಡ್ತಿ ಅಲ್ಲ ಅದು. ಬುಡು!" ಸಾಬರು ಕೈಬಿಟ್ಟು ಗೋಡೆಗೆ ಒರಗಿದರು.

ಅವನು ಬಿಡಲಿಲ್ಲ. ಅಂಗೈ ಸುಲಿದು ಹೋಯಿತು.

"ತಾಯಮ್ಮಿ... ಇನ್ನೊಂಚೂರು ಕಣಮ್ಮಿ... ಕೈ ಕೊಡು."

ಮತ್ತೆ ಎರಡು ಸಲ ಜಗ್ಗಿತು. ಮೆತ್ತಗೆ. ಪಂಚೆ ಜಗ್ಗಿದ ಹಾಗೆ.

ಆಮೇಲೆ ಹಗ್ಗ ಹಗುರಾಯಿತು. ಮಾರಯ್ಯ ಅಂಗಾತ ಬಿದ್ದ.

ಸಾಬರೇ ಹಗ್ಗ ಸೇದಿದರು. ತುದಿಯಲ್ಲಿ ಲಾಟೀನು ಇರಲಿಲ್ಲ. ಹೆಂಗಸಿನ ನಡುವಿನಷ್ಟು ಅಗಲದ ಕುಣಿಕೆ ಇತ್ತು. ಅದಕ್ಕೆ ಹಸಿ ಗಾರೆ ಮೆತ್ತಿತ್ತು. ಅವತ್ತು ಅಲ್ಲಿ ಯಾರೂ ಗಾರೆ ಕಲಸಿರಲಿಲ್ಲ.

ಸುಳ್ಳು ಅನ್ನೋರು ಬನ್ನಿ. ಹಗ್ಗ ಇವತ್ತಿಗೂ ಮಾರಯ್ಯನ ಮನೆ ಗೂಟದಲ್ಲಿದೆ. ನಾನು ಮುಟ್ಟಿ ನೋಡಿದೀನಿ.

ಗಾರೆ ಇನ್ನೂ ಒಣಗಿಲ್ಲ.