ಹನ್ನೆರಡನೇ ಸಾಲಿನ ಅಂಕ

ಈ ಸಭೆಯ ಅಧ್ಯಕ್ಷರೂ ನಮ್ಮ ನರ್ಸರಿಯ ಮಾಲೀಕರೂ ಆದ ಗೋಪಣ್ಣನವರೇ, ಹೂಗಿಡಗಳ ಪರೀಕ್ಷೆ ನಡೆಸಿಕೊಟ್ಟ ತಜ್ಞೆ ಭಾರತಿ ಮೇಡಂ ಅವರೇ, ನನ್ನ ಜೊತೆ ಮಣ್ಣು ಹೊತ್ತವರೇ, ಮುಂದಿನ ಕುರ್ಚಿಯಲ್ಲಿ ಕೂತು "ಬೇಗ ಮುಗಸ್ರಿ" ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಹೆಂಡತಿ ಮೆಹಬೂಬ್‌ಬೀ ಅವರೇ, ಆತ್ಮೀಯ ಸಭಿಕರೇ,

ಮೂವತ್ತೊಂದು ವರ್ಷ ಮಾಲಿಯಾಗಿದ್ದ ಈ ಲಾಲ್‌ಸಾಬ್‌ಗೆ ಇಂದು ನಿವೃತ್ತಿ. ಶಾಲು ಹೊದಿಸಿದ್ದೀರಿ. ಮೇ ತಿಂಗಳ ಸಿಂಧನೂರಿನಲ್ಲಿ ಉಣ್ಣೆ ಶಾಲು! ಇದೂ ಒಂದು ಬಿಸಿಲಿನ ಪರೀಕ್ಷೆಯೇ ಇರಬೇಕು.

ಪರೀಕ್ಷೆ ಎಂದರೇನು? ಮಸ್ಕಿ ರಸ್ತೆಯ ಡಿವೈಡರ್‌ಗೆ ಐದು ಸಾವಿರ ಹೂಗಿಡ ಬೇಕು. ಯಾವ ಗಿಡ ನಮ್ಮ ಬಿಸಿಲಿಗೆ ತಡೆಯುತ್ತದೆ? ಹನ್ನೆರಡು ಜಾತಿ, ಹನ್ನೆರಡು ಸಾಲು, ಶೆಡ್ಡಿನ ನೆರಳೂ ತಾಕದ ಬಯಲು. ವಾರಕ್ಕೆರಡು ಸಲ ಅಳತೆಯ ನೀರು, ಪ್ರತಿ ಸೋಮವಾರ ಐದಕ್ಕೆ ಇಷ್ಟು ಎಂದು ಅಂಕ. ಅಂಕ ಹಾಕಿದವನು ನಾನು. ಯಾರ ಮುಲಾಜಿಗೂ ಅರ್ಧ ಅಂಕ ಹೆಚ್ಚು ಹಾಕಿದವನಲ್ಲ.

ಆದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಹನ್ನೆರಡನೇ ಸಾಲಿನ ನೇರಳೆ ಪೆಟೂನಿಯಾ ಗೆಲ್ಲಲಿ ಎಂದು ನನಗೆ ಆಸೆ ಇತ್ತು. ಫೆಬ್ರವರಿಯಲ್ಲಿ ಮೆಹಬೂಬ್‌ಬೀ ಅದನ್ನು ನೋಡಿ, "ಇದು ರಸ್ತೆ ತುಂಬ ಅರಳಿದ್ರ ಎಷ್ಟು ಚಂದ ಕಾಣತದರೀ" ಅಂದಿದ್ದಳು. ಆಯಿತು, ನಿನ್ನ ಹೂವೇ ಹಚ್ಚಿಸುತ್ತೇನೆ ಎಂದು ಜಂಬ ಕೊಚ್ಚಿಕೊಂಡೆ. ಬಿಸಿಲೇರಿದರೆ ಅದು ಒಣಗುತ್ತದೆಂದು ಮೇಡಂ ಹೇಳಿದ್ದರು. ಒಣಗಲಿಲ್ಲ! ಮೊದಲ ಸ್ಥಾನ ಅದಕ್ಕೇ ಬಂತು. ಇನ್ನೈದು ನಿಮಿಷಕ್ಕೆ ಗೋಪಣ್ಣನವರು ಅದರ ಹೆಸರನ್ನೇ ಘೋಷಿಸುತ್ತಾರೆ.

ನಾಳೆಯಿಂದ ನನಗೆ ನೆನಪಾಗುವುದು ಮಧ್ಯಾಹ್ನದ ಊಟ. ಶೆಡ್ಡಿನಲ್ಲಿ ಎಂಟು ಜನ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಊಟವಾದ ಮೇಲೆ ನಾನೊಮ್ಮೆ ದಾರಿಯ ಮೇಲೇ ಕೈ ತೊಳೆಯಲು ಹೋದರೆ ತುರ್ವಿಹಾಳದ ನಮ್ಮ ಕರೆಮ್ಮ ಗದರಿದಳು: "ಸಾಬಣ್ಣಾ, ನೀರು ಸುಮ್ಮನ ಯಾಕ ಚೆಲ್ತೀರಿ? ಗಿಡದ ಬುಡಕ್ಕ ಹಾಕ್ರಿ." ಅಂದಿನಿಂದ ಎಲ್ಲರೂ ದಿನಾ ಕೈ, ಡಬ್ಬಿ ತೊಳೆದ ನೀರನ್ನು ಅಲ್ಲೇ ಪಕ್ಕದ ಸಾಲಿಗೆ...

ಪಕ್ಕದ ಸಾಲಿಗೆ.

ಒಂದು ನಿಮಿಷ, ಸಭಿಕರೇ. ಶೆಡ್ಡಿನ ಪಕ್ಕದ್ದು ಯಾವ ಸಾಲು?

ಕರೆಮ್ಮಾ, ಬಾಯಿ ಮುಚ್ಚಿಕೊಂಡು ನಗಬೇಡ. ತಪ್ಪು ನನ್ನದು. ಎರಡು ತಿಂಗಳು ಎಂಟು ಜನರ ನೀರು ಕುಡಿದ ಗಿಡಕ್ಕೆ ನಾನು ಐದಕ್ಕೆ ಐದು ಹಾಕಿದ್ದೇನೆ. ಕಣ್ಣೆದುರೇ ನಡೆದರೂ ಕಾಣಲಿಲ್ಲ, ಏಕೆಂದರೆ ಕಾಣುವುದು ನನಗೆ ಬೇಕಿರಲಿಲ್ಲ. ಡಿವೈಡರ್ ಮೇಲೆ ಯಾರು ಕೂತು ಊಟ ಮಾಡುತ್ತಾರೆ? ಐದು ಸಾವಿರ ಗಿಡ ವಾರದಲ್ಲಿ ಒಣಗಿ ಹೋಗುತ್ತವೆ.

ನಾಚಿಕೆಯಾಗುತ್ತಿದೆ. ಆದರೆ ಸುಮ್ಮನೆ ಇಳಿದು ಹೋದರೆ ಮೂವತ್ತೊಂದು ವರ್ಷದ ಅಂಕಗಳೆಲ್ಲ ಸುಳ್ಳಾಗುತ್ತವೆ. ಮೇಡಂ, ಆ ಅಂಕದ ಪುಸ್ತಕ ಇತ್ತ ಕೊಡಿ. ಪೆನ್ನೂ ಕೊಡಿ. ನೋಡಿ, ಹನ್ನೆರಡನೇ ಸಾಲಿನ ಅಂಕ ಹೊಡೆದು ಹಾಕಿದೆ. ಗೋಪಣ್ಣನವರೇ, ಘೋಷಣೆಯಲ್ಲಿ ಎರಡನೇ ಸ್ಥಾನದ ನಿತ್ಯಪುಷ್ಪದ ಹೆಸರು ಓದಿ. ಅದಕ್ಕೆ ಅಳತೆಯ ನೀರು ಬಿಟ್ಟರೆ ಹನಿಯೂ ಸಿಕ್ಕಿಲ್ಲ, ಆದರೂ ದಿನಾ ಅರಳಿದೆ.

ಅರೆ, ಚಪ್ಪಾಳೆ ಯಾಕೆ? ಸೋತವನು ನಾನು!

ಮೆಹಬೂಬ್‌ಬೀ, ನಿನಗೆ ಕೊಟ್ಟ ಮಾತು ಉಳಿಯಲಿಲ್ಲ. ಊರ ರಸ್ತೆಗೆ ನಿನ್ನ ಹೂ ಬರುವುದಿಲ್ಲ. ಆ ಸಾಲಿನಲ್ಲಿ ನಾಲ್ಕು ಗಿಡ ಕೇಳಿ ತರುತ್ತೇನೆ, ನಮ್ಮ ಮನೆಯ ಬಾಗಿಲಲ್ಲಿ ಹಚ್ಚೋಣ. ನಾಳೆಯಿಂದ ಮಧ್ಯಾಹ್ನ ನಾನೂ ಮನೆಯಲ್ಲೇ ಉಣ್ಣುತ್ತೇನೆ. ಇಬ್ಬರೂ ಅಲ್ಲೇ ಕೈ ತೊಳೆಯೋಣ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದಗಳು. ನಮಸ್ಕಾರ.